ಜಾವಾ ವೆಬ್ ತರಬೇತಿ: ನಿಮ್ಮ ಕೋಡನ್ನು ಓದುವವರು ಯಾರು?

ಕಳೆದ ಕೆಲವು ತಿಂಗಳಲ್ಲಿ ನನಗೆ ಬಂದ ಪತ್ರಗಳಲ್ಲಿ ಮೂರು ಮನಸ್ಸಿನಲ್ಲಿ ಉಳಿದಿವೆ. ಒಂದು, ಬಿ.ಇ. ಮುಗಿಸಿಯೂ ಕ್ಯಾಂಪಸ್ಸಿನಲ್ಲಿ ಕೆಲಸ ಸಿಗದ ಹಾಸನದ ಹುಡುಗನದು. ಇನ್ನೊಂದು, ಬಿ.ಸಿ.ಎ. ಆದ ಮೇಲೆ ಎರಡು ವರ್ಷ ಮನೆಯಲ್ಲೇ ಉಳಿದ ದಾವಣಗೆರೆಯ ಹೆಣ್ಣುಮಗಳದು. ಮೂರನೆಯದು, ಬೆಂಗಳೂರಿನಲ್ಲಿ ಎಂಟು ವರ್ಷದಿಂದ ಮ್ಯಾನ್ಯುಯಲ್ ಟೆಸ್ಟಿಂಗ್ ಮಾಡುತ್ತಿರುವ, ಇಬ್ಬರು ಮಕ್ಕಳ ತಂದೆಯದು. ಮೂವರೂ ಕೇಳಿದ್ದು ಒಂದನ್ನೇ: ಜಾವಾದಲ್ಲಿ ದೊಡ್ಡ ಸಂಸ್ಥೆಗಳು ಬಳಸುವಂಥ ವೆಬ್ ಅಪ್ಲಿಕೇಶನ್ ಕಟ್ಟುವುದನ್ನು ಕೈಯಾರೆ ಮಾಡಿ ಕಲಿಯಬೇಕು, ಎಲ್ಲಿಗೆ ಸೇರಲಿ?

ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರಿಗಾದರೂ ಅನ್ಯಾಯವಾಗುತ್ತದೆ. ಆದ್ದರಿಂದ ಅಳತೆಗೋಲುಗಳನ್ನು ಮೊದಲು ಇಟ್ಟುಕೊಂಡು, ಆಮೇಲೆ ಒಂದೊಂದು ದಾರಿಯನ್ನೂ ಅಳೆದು ನೋಡೋಣ. ಹದಿನೈದು ವರ್ಷಕ್ಕೂ ಹೆಚ್ಚು ಕಾಲದಿಂದ ಬ್ಯಾಂಕು ಮತ್ತು ವಿಮೆಯ ತಂತ್ರಾಂಶವನ್ನು ಜಾವಾದಲ್ಲಿ ಬರೆಯುತ್ತಿದ್ದೇನೆ. ಹೊಸಬರ ಸಂದರ್ಶನವನ್ನೂ ನಡೆಸುತ್ತೇನೆ. ಇಲ್ಲಿ ಬರೆದಿರುವುದರಲ್ಲಿ ಹೆಚ್ಚಿನದು ಆ ಮೇಜಿನ ಮುಂದೆ ಕುಳಿತು ಕಂಡದ್ದು.

ಕಲಿಯಬೇಕಾದದ್ದು ಯಾವುದು

ದೊಡ್ಡ ಸಂಸ್ಥೆಗಳ ತಂತ್ರಾಂಶಕ್ಕೆ ಹಚ್ಚುವ ಎಂಟರ್‌ಪ್ರೈಸ್ ಎಂಬ ಪದ ದೊಡ್ಡದಾಗಿ ಕೇಳಿಸುತ್ತದೆ. ಅದನ್ನು ಒಂದು ಬಸ್ ಆಸನದಲ್ಲಿ ಹಿಡಿದಿಡಬಹುದು. ದೀಪಾವಳಿಯ ಹಿಂದಿನ ಸಂಜೆ, ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಬಸ್ಸಿನಲ್ಲಿ 14ನೇ ಆಸನ ಒಂದೇ ಉಳಿದಿದೆ. ವೈಟ್‌ಫೀಲ್ಡಿನಿಂದ ಒಬ್ಬರು, ಯಶವಂತಪುರದಿಂದ ಇನ್ನೊಬ್ಬರು ಅದೇ ಕ್ಷಣದಲ್ಲಿ ಗುಂಡಿ ಒತ್ತುತ್ತಾರೆ. ಟಿಕೆಟ್ ಒಬ್ಬರಿಗೆ ಮಾತ್ರ ಸಿಗಬೇಕು, ಇನ್ನೊಬ್ಬರ ಹಣ ಕಡಿತವಾಗಬಾರದು. ಹಣ ಕಡಿತವಾದ ಮೇಲೆ, ಟಿಕೆಟ್ ದಾಖಲಾಗುವ ಮುನ್ನ ಸರ್ವರ್ ನಿಂತುಹೋದರೆ ಲೆಕ್ಕ ತಪ್ಪಬಾರದು. ವಿಳಾಸದ ಸಾಲಿನಲ್ಲಿರುವ ಸಂಖ್ಯೆಯನ್ನು ಬದಲಿಸಿದವನಿಗೆ ಬೇರೆ ಪ್ರಯಾಣಿಕರ ಫೋನ್ ಸಂಖ್ಯೆ ಕಾಣಿಸಬಾರದು.

ಇನ್ನೊಂದು ಸೂಕ್ಷ್ಮ ಇದೆ. ಜಾವಾ ವೆಬ್ ಅಪ್ಲಿಕೇಶನ್ ಕಟ್ಟುವ ಚೌಕಟ್ಟಾದ ಸ್ಪ್ರಿಂಗ್ ಬೂಟ್, ಡೇಟಾಬೇಸ್ ಸಂಪರ್ಕಗಳಿಗೆ ಹಿಕಾರಿ ಎಂಬ ಪೂಲನ್ನು, ಅಂದರೆ ಸಿದ್ಧ ಸಂಪರ್ಕಗಳ ಸಂಗ್ರಹವನ್ನು, ಬಳಸುತ್ತದೆ. ನಾವು ಏನೂ ಬದಲಿಸದಿದ್ದರೆ ಅದರಲ್ಲಿರುವುದು ಹೆಚ್ಚೆಂದರೆ 10 ಸಂಪರ್ಕ. ಪಾವತಿಯ ಉತ್ತರಕ್ಕೆ ಕಾಯುವಷ್ಟು ಹೊತ್ತೂ ಸಂಪರ್ಕವನ್ನು ಹಿಡಿದಿಟ್ಟುಕೊಳ್ಳುವಂತೆ ಕೋಡ್ ಬರೆದಿದ್ದರೆ, ಹನ್ನೊಂದನೆಯವನು ಬಾಗಿಲಲ್ಲೇ ನಿಲ್ಲುತ್ತಾನೆ. 30 ಸೆಕೆಂಡ್ ಕಾದು ದೋಷದ ಪುಟ ನೋಡುತ್ತಾನೆ. ಒಬ್ಬನೇ ಕುಳಿತು ಲ್ಯಾಪ್‌ಟಾಪಿನಲ್ಲಿ ಓಡಿಸಿದಾಗ ಈ ತಪ್ಪು ಎಂದೂ ಕಾಣಿಸುವುದಿಲ್ಲ.

ಬಹುತೇಕ ತರಬೇತಿಗಳು ವಿದ್ಯಾರ್ಥಿಗಳ ಪಟ್ಟಿಯೊಂದನ್ನು ಮಾಡಿಸಿ ಮುಗಿಸುತ್ತವೆ: ಸೇರಿಸು, ತಿದ್ದು, ಅಳಿಸು, ತೋರಿಸು. ಅದು ಅಗತ್ಯ, ಆದರೆ ಅದು ಹೊಸ್ತಿಲು. ಆಸನದ ಪ್ರಶ್ನೆಗಳು ಅದರ ಆಚೆಗಿವೆ, ಸಂದರ್ಶನದಲ್ಲಿ ನಾವು ಕೇಳುವುದೂ ಅವುಗಳನ್ನೇ.

ಅಳತೆಗೋಲುಗಳು

ಮೊದಲನೆಯದು ಮತ್ತು ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದು: ನಿಮ್ಮ ಕೋಡನ್ನು ಯಾರು ಓದುತ್ತಾರೆ, ಎಷ್ಟು ಸಲ ಓದುತ್ತಾರೆ? ಈಜು ಕಲಿಯುವವನನ್ನು ದಡದಲ್ಲಿ ನಿಂತು ನೋಡುವವರು ಬೇಕಾದಂತೆ, ನಿಮ್ಮ ಸಾಲುಗಳನ್ನು ಓದಿ ‘ಇಲ್ಲಿ ಟ್ರಾನ್ಸಾಕ್ಷನ್ ಯಾಕೆ ಇಲ್ಲ?’ (ಅಂದರೆ ಎಲ್ಲ ಹೆಜ್ಜೆಗಳೂ ಒಟ್ಟಿಗೆ ಆಗಬೇಕು, ಇಲ್ಲವೇ ಒಂದೂ ಆಗಬಾರದು ಎಂಬ ಕಟ್ಟು) ಎಂದು ಕೇಳುವ ಒಬ್ಬರು ಬೇಕು. ಪಾಠ ಈಗ ಎಲ್ಲೆಡೆ ಉಚಿತವಾಗಿ ಸಿಗುತ್ತದೆ. ಓದಿ ತಿದ್ದುವ ಕಣ್ಣು ಉಚಿತವಾಗಿ ಸಿಗುವುದು ಅಪರೂಪ. ಶುಲ್ಕ ಕಟ್ಟುವುದಾದರೆ ಅದಕ್ಕಾಗಿ ಕಟ್ಟಿ.

ಎರಡನೆಯದು, ಕೈ ಕೆಲಸದ ಗಂಟೆಗಳು. ಒಂದು ಗಂಟೆ ಪಾಠಕ್ಕೆ ಎರಡು ಗಂಟೆಯಾದರೂ ನೀವೇ ಬರೆಯುವಂತಿರಬೇಕು. ಬೋಧಕರು ಪರದೆಯ ಮೇಲೆ ಬರೆದದ್ದನ್ನು ನೋಡಿ ನಕಲು ಮಾಡುವುದು ಈ ಲೆಕ್ಕಕ್ಕೆ ಬರುವುದಿಲ್ಲ.

ಮೂರನೆಯದು, ಪಾಠ ಯಾವ ಕಾಲದ್ದು ಎಂಬುದು. ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. 1999ರಲ್ಲಿ ಜೆ2ಇಇ ಎಂಬ ಹೆಸರಿನಲ್ಲಿ ಬಂದು, ಮುಂದೆ ಜಾವಾ ಇಇ ಎನಿಸಿಕೊಂಡ, ಎಂಟರ್‌ಪ್ರೈಸ್ ಜಾವಾದ ಮಾನದಂಡಗಳನ್ನು ಎಕ್ಲಿಪ್ಸ್ ಪ್ರತಿಷ್ಠಾನಕ್ಕೆ ಒಪ್ಪಿಸುವುದಾಗಿ ಒರಾಕಲ್ 2017ರಲ್ಲಿ ಪ್ರಕಟಿಸಿತು. 2018ರಲ್ಲಿ ಅವುಗಳಿಗೆ ಜಕಾರ್ತಾ ಇಇ ಎಂಬ ಹೆಸರಾಯಿತು. 2020ರ ಡಿಸೆಂಬರಿನಲ್ಲಿ ಬಂದ 9ನೇ ಆವೃತ್ತಿಯಲ್ಲಿ ಪ್ಯಾಕೇಜುಗಳ ಹೆಸರೇ ‘ಜಾವಾಎಕ್ಸ್’ ಎಂಬುದರಿಂದ ‘ಜಕಾರ್ತಾ’ ಎಂದು ಬದಲಾಯಿತು. 2022ರ ನವೆಂಬರಿನಲ್ಲಿ ಸ್ಪ್ರಿಂಗ್ ಬೂಟ್ 3 ಅದನ್ನೇ ಅನುಸರಿಸಿತು. ಅದಕ್ಕೆ ಕನಿಷ್ಠ ಜಾವಾ 17 ಬೇಕು. ಹಾಗಾಗಿ ಹಳೆಯ ನೋಟ್ಸಿನ ಸರ್ವ್ಲೆಟ್ (ವೆಬ್ ಕೋರಿಕೆಗೆ ಉತ್ತರಿಸುವ ಜಾವಾ ತುಣುಕು) ಕೋಡನ್ನು ಇದ್ದಂತೆಯೇ ಟಾಮ್‌ಕ್ಯಾಟ್ 10 ಎಂಬ ಸರ್ವರಿನಲ್ಲಿ ಹಾಕಿದರೆ ಓಡುವುದಿಲ್ಲ, ಹೊಸಬನಿಗೆ ಕಾರಣವೂ ಹೊಳೆಯುವುದಿಲ್ಲ. ಡೆಮೊ ತರಗತಿಯಲ್ಲಿ ಮೊದಲ ಇಂಪೋರ್ಟ್ ಸಾಲಿನಲ್ಲಿ ಆ ಎರಡು ಪ್ಯಾಕೇಜ್ ಹೆಸರುಗಳಲ್ಲಿ ಯಾವುದಿದೆ ಎಂದು ನೋಡಿ. ಪಾಠದ ವಯಸ್ಸು ಅಲ್ಲೇ ತಿಳಿಯುತ್ತದೆ. ಹಳೆಯದೆಂದು ಕೂಡಲೇ ತಿರಸ್ಕರಿಸಬೇಡಿ. ಜಾವಾ 8ರಲ್ಲೇ ಓಡುತ್ತಿರುವ ವ್ಯವಸ್ಥೆಗಳು ಬೆಂಗಳೂರಿನ ಕಂಪನಿಗಳಲ್ಲಿ ಬೇಕಾದಷ್ಟಿವೆ, ಅವುಗಳನ್ನು ಹೊಸ ಆವೃತ್ತಿಗೆ ಸಾಗಿಸುವುದೇ ಹಲವರಿಗೆ ಕೆಲಸ. ಬೋಧಕರಿಗೆ ಎರಡೂ ಗೊತ್ತಿರಬೇಕು, ತಾವು ಕಲಿಸುತ್ತಿರುವುದು ಯಾವುದು ಎಂದು ಅವರು ಬಾಯಿಬಿಟ್ಟು ಹೇಳಬೇಕು.

ನಾಲ್ಕನೆಯದು, ಕೋಡ್ ಬರೆದ ಮೇಲಿನ ಕೆಲಸ: ಗಿಟ್ (ಕೋಡಿನ ಬದಲಾವಣೆಗಳನ್ನು ದಾಖಲಿಸುವ ಸಾಧನ), ಜೆಯುನಿಟ್ ಎಂಬ ಸಾಧನದಲ್ಲಿ ಟೆಸ್ಟ್, ಲಾಗ್ (ಅಪ್ಲಿಕೇಶನ್ ಬರೆದಿಡುವ ದಾಖಲೆ) ಓದುವುದು, ಸರ್ವರಿಗೆ ಏರಿಸುವುದು. ಐದನೆಯದು ಒಟ್ಟು ಖರ್ಚು. ಶುಲ್ಕಕ್ಕೆ ಪಿ.ಜಿ. ಬಾಡಿಗೆ, ಓಡಾಟ, ಸಂಬಳವಿಲ್ಲದ ತಿಂಗಳುಗಳನ್ನು ಕೂಡಿಸಿದರೆ ಬರುವುದೇ ನಿಜವಾದ ಮೊತ್ತ. ಪ್ರಮಾಣಪತ್ರವನ್ನು ನಾನು ಅಳತೆಗೋಲಾಗಿ ಇಟ್ಟಿಲ್ಲ. ಸಂದರ್ಶನದಲ್ಲಿ ನಾನು ಅದನ್ನು ಕೇಳಿದ್ದು ನೆನಪಿಲ್ಲ.

ಬೆಂಗಳೂರಿನ ತರಬೇತಿ ಕೇಂದ್ರ

ರಾಜಾಜಿನಗರ, ಬಸವನಗುಡಿ, ಬಿ.ಟಿ.ಎಂ. ಬಡಾವಣೆ, ಮಾರತ್ತಹಳ್ಳಿ ಎಲ್ಲೇ ಹೋದರೂ ಜಾವಾ ಫುಲ್ ಸ್ಟ್ಯಾಕ್ (ಪರದೆಯಿಂದ ಡೇಟಾಬೇಸಿನವರೆಗೆ ಎಲ್ಲವೂ) ಎಂಬ ಫಲಕ ಕಾಣುತ್ತದೆ. ಇವುಗಳ ದೊಡ್ಡ ಬಲ ದಿನಚರಿ. ಬೆಳಿಗ್ಗೆ ಎಂಟಕ್ಕೆ ಹೋಗಬೇಕು, ಪಕ್ಕದಲ್ಲಿ ನಿಮ್ಮಂತೆಯೇ ಹುಡುಕುತ್ತಿರುವ ಜೊತೆಗಾರರಿರುತ್ತಾರೆ, ಮಾಕ್ ಇಂಟರ್‌ವ್ಯೂ ನಡೆಯುತ್ತದೆ, ಕಂಪನಿಗಳ ನೇಮಕಾತಿ ಡ್ರೈವ್ ಸುದ್ದಿ ಬೇಗ ತಲುಪುತ್ತದೆ. ಮನೆಯಲ್ಲಿ ಕುಳಿತು ಓದಲಾಗದವರಿಗೆ ಇದರ ಬೆಲೆ ದೊಡ್ಡದು.

ಕೊರತೆ ಇರುವುದು ಬ್ಯಾಚಿನ ಗಾತ್ರದಲ್ಲಿ. ಎಂಬತ್ತು ಜನರಿರುವ ಕೋಣೆಯಲ್ಲಿ ಎಷ್ಟೇ ಒಳ್ಳೆಯ ಬೋಧಕರಾದರೂ ನಿಮ್ಮ ಕೋಡನ್ನು ಓದಲಾರರು. 2008ರಲ್ಲಿ ನಾನು ಸೇರಿದ್ದ ಕೇಂದ್ರದಲ್ಲಿ ಮೂರು ತಿಂಗಳು ಸ್ಟ್ರಟ್ಸ್ ಎಂಬ ಜಾವಾ ವೆಬ್ ಚೌಕಟ್ಟನ್ನು ಕಲಿಸಿದರು. ಬೋರ್ಡಿನ ಮೇಲಿದ್ದದ್ದನ್ನು ಪುಸ್ತಕಕ್ಕೆ ಬರೆದುಕೊಂಡೆವು, ಪುಸ್ತಕದಿಂದ ಕಂಪ್ಯೂಟರಿಗೆ ಹಾಕಿದೆವು. ಕೊನೆಯ ದಿನ ಎಲ್ಲರಿಗೂ ಒಂದೇ ಪ್ರಾಜೆಕ್ಟಿನ ಸಿ.ಡಿ. ಕೊಟ್ಟರು. ಮೊದಲ ಸಂದರ್ಶನದಲ್ಲಿ ‘ಇದರಲ್ಲಿ ನೀವು ಬರೆದದ್ದು ಯಾವ ಭಾಗ?’ ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಆ ಸ್ಟ್ರಟ್ಸ್ 1ರ ನಿರ್ವಹಣೆಯೂ 2013ರಲ್ಲಿ ನಿಂತುಹೋಯಿತು. ಆ ಮೂರು ತಿಂಗಳಿನಿಂದ ಇಂದಿಗೂ ನನ್ನ ಕೈಹಿಡಿಯುವುದು ಎಸ್‌ಕ್ಯೂಎಲ್ (ಡೇಟಾಬೇಸನ್ನು ಕೇಳುವ ಭಾಷೆ) ಮತ್ತು ಎಚ್‌ಟಿಟಿಪಿ (ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮ), ಅಂದರೆ ನಾನೇ ತಪ್ಪು ಮಾಡಿ ತಿದ್ದಿಕೊಂಡ ಎರಡು ವಿಷಯಗಳು.

ಖರ್ಚಿನ ವಿಷಯ. ಇಂಥ ಕೋರ್ಸುಗಳಿಗೆ ಇಪ್ಪತ್ತರಿಂದ ಅರವತ್ತು ಸಾವಿರ ರೂಪಾಯಿ ಕೇಳುವುದು ಸಾಮಾನ್ಯ. ಹೊರ ಊರಿನಿಂದ ಬಂದವರಿಗೆ ಊಟ ಸೇರಿ ಹಂಚಿಕೆಯ ಪಿ.ಜಿ. ಕೋಣೆಗೆ ತಿಂಗಳಿಗೆ ಒಂಬತ್ತು ಸಾವಿರ ಹಿಡಿದರೂ ಆರು ತಿಂಗಳಿಗೆ 54,000 ಆಗುತ್ತದೆ. ಅನೇಕರಿಗೆ ವಾಸದ ಖರ್ಚೇ ಶುಲ್ಕವನ್ನು ಮೀರುತ್ತದೆ. ಬೆಂಗಳೂರಿನಲ್ಲೇ ಮನೆ ಇರುವವರಿಗೆ ಈ ದಾರಿ ಎಷ್ಟು ಅಗ್ಗವೋ, ಹೊರಗಿನವರಿಗೆ ಅಷ್ಟೇ ದುಬಾರಿ.

ಡೆಮೊ ತರಗತಿಗೆ ಹೋದಾಗ ಒಂದು ಪ್ರಶ್ನೆ ಕೇಳಿ: ಸ್ಪ್ರಿಂಗ್‌ನಲ್ಲಿ ‘ಟ್ರಾನ್ಸಾಕ್ಷನಲ್’ ಎಂಬ ಗುರುತು (ಅನೋಟೇಶನ್) ಹಾಕಿದ ಮೆಥಡನ್ನು ಅದೇ ಕ್ಲಾಸಿನ ಇನ್ನೊಂದು ಮೆಥಡ್ ಕರೆದರೆ ಏನಾಗುತ್ತದೆ? ಆ ಕರೆ ಸ್ಪ್ರಿಂಗ್ ನಡುವೆ ಇಡುವ ಪ್ರಾಕ್ಸಿ ಎಂಬ ಮಧ್ಯವರ್ತಿಯ ಮೂಲಕ ಹಾದುಹೋಗುವುದಿಲ್ಲವಾದ್ದರಿಂದ, ಸಾಮಾನ್ಯ ವ್ಯವಸ್ಥೆಯಲ್ಲಿ ಹೊಸ ಟ್ರಾನ್ಸಾಕ್ಷನ್ ಆರಂಭವಾಗುವುದೇ ಇಲ್ಲ. ನಿಜವಾದ ಯೋಜನೆಯಲ್ಲಿ ಕೆಲಸ ಮಾಡಿದವರು ಇದರ ಪೆಟ್ಟು ತಿಂದಿರುತ್ತಾರೆ, ಕೇಳಿದ ಕೂಡಲೇ ವಿವರಿಸುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಇನ್ನೊಂದನ್ನೂ ಗಮನಿಸಬೇಕು: ಸಂದೇಹವನ್ನು ಕನ್ನಡದಲ್ಲಿ ಕೇಳಿದರೆ ಅಲ್ಲಿ ಮರ್ಯಾದೆಯಿಂದ ಉತ್ತರ ಸಿಗುತ್ತದೆಯೇ? ಪ್ರಶ್ನೆ ಕೇಳಲು ಅಂಜುವ ತರಗತಿಯಲ್ಲಿ ಕಳೆದ ಆರು ತಿಂಗಳು ಯಾವ ಶುಲ್ಕಕ್ಕಿಂತಲೂ ದೊಡ್ಡ ನಷ್ಟ.

ಸಿ-ಡ್ಯಾಕ್‌ನ ಡಿಪ್ಲೊಮಾ

ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ನಡೆಸುವ ಪಿಜಿ-ಡ್ಯಾಕ್ (ಅಡ್ವಾನ್ಸ್ಡ್ ಕಂಪ್ಯೂಟಿಂಗ್‌ನ ಸ್ನಾತಕೋತ್ತರ) ಡಿಪ್ಲೊಮಾ ಪೂರ್ಣಾವಧಿಯದು: ಸುಮಾರು ಆರು ತಿಂಗಳು. ಸಿ-ಕ್ಯಾಟ್ ಪ್ರವೇಶ ಪರೀಕ್ಷೆ ಬರೆಯಬೇಕು, ವರ್ಷಕ್ಕೆ ಎರಡು ಬ್ಯಾಚ್ ನಡೆಯುತ್ತವೆ. ಬೆಂಗಳೂರಿನಲ್ಲೂ ಕೇಂದ್ರವಿದೆ. ಜಾವಾ, ಡೇಟಾಬೇಸ್, ಡೇಟಾ ಸ್ಟ್ರಕ್ಚರ್, ಜಾಲದ (ವೆಬ್) ಜಾವಾ, ಜೊತೆಗೆ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಕೂಡ ಪಠ್ಯದಲ್ಲಿದೆ. ಶುಲ್ಕ ತೆರಿಗೆ ಸೇರಿ ಲಕ್ಷದ ಆಸುಪಾಸು. ಸೇರುವ ವರ್ಷದ ಮೊತ್ತವನ್ನು ಅವರ ಜಾಲತಾಣದಲ್ಲೇ ನೋಡಿಕೊಳ್ಳಬೇಕು.

ಕೈ ಕೆಲಸದ ಗಂಟೆಗಳಲ್ಲಿ ಇದಕ್ಕೆ ಸಮನಾದದ್ದು ಕಡಿಮೆ. ಬೆಳಿಗ್ಗೆ ಪಾಠ, ಮಧ್ಯಾಹ್ನ ಲ್ಯಾಬ್, ರಾತ್ರಿ ಅಭ್ಯಾಸ ಎಂಬ ಓಟ. ಪರೀಕ್ಷೆ ದಾಟಿ ಬಂದ ಸಹಪಾಠಿಗಳಿಂದ ಕಲಿಯುವುದೂ ದೊಡ್ಡದು. ಆದರೆ ಹರವು ಹೆಚ್ಚಾದಷ್ಟು ಆಳ ಕಡಿಮೆಯಾಗುತ್ತದೆ. ಜಾಲದ ಜಾವಾಕ್ಕೆ ಸಿಗುವುದು ಒಟ್ಟು ಅವಧಿಯ ಒಂದು ಪಾಲು ಮಾತ್ರ. ಆಸನದ ಪ್ರಶ್ನೆಗಳನ್ನು ಕೊನೆಯ ಪ್ರಾಜೆಕ್ಟಿನಲ್ಲಿ ನೀವೇ ಎತ್ತಿಕೊಳ್ಳಬೇಕು. ಕೆಲಸ ಬಿಡಲಾಗದವರಿಗೆ ಇದು ದಾರಿಯೇ ಅಲ್ಲ. ಬಿ.ಸಿ.ಎ. ಮಾತ್ರ ಆದವರು ಅರ್ಹತೆಯ ನಿಯಮವನ್ನು ಓದದೆ ತಯಾರಿ ಆರಂಭಿಸಬಾರದು. ಬಿ.ಇ., ಎಂ.ಸಿ.ಎ. ಆಗಿ, ಆರು ತಿಂಗಳು ಬೇರೇನೂ ಮಾಡದೆ ಇರಬಲ್ಲವರಿಗೆ, ಹೊರ ಊರಿನವರಾಗಿದ್ದರಂತೂ, ಖಾಸಗಿ ಕೇಂದ್ರಕ್ಕಿಂತ ಮೊದಲು ಇದನ್ನೇ ಪ್ರಯತ್ನಿಸಿ ಎನ್ನುತ್ತೇನೆ.

ನೇರ ಆನ್‌ಲೈನ್ ಬ್ಯಾಚ್

ಕಚೇರಿ ಮುಗಿಸಿ ಬಂದ ಮೇಲೆ ರಾತ್ರಿ ಎಂಟರಿಂದ ಹತ್ತು, ಇಲ್ಲವೇ ಶನಿವಾರ ಭಾನುವಾರ. ಹದಿನೈದು ಜನರೊಳಗಿನ ಬ್ಯಾಚ್ ಆಗಿದ್ದು, ಪ್ರತಿ ವಾರದ ಕೆಲಸವನ್ನು ಗಿಟ್‌ಗೆ ಏರಿಸಿ, ಬೋಧಕರು ಸಾಲು ಸಾಲಿಗೆ ಟಿಪ್ಪಣಿ ಬರೆಯುವ ಕ್ರಮವಿದ್ದರೆ, ನನ್ನ ಮೊದಲ ಅಳತೆಗೋಲಿನಲ್ಲಿ ಇದು ಉಳಿದೆಲ್ಲವನ್ನೂ ಹಿಂದಿಕ್ಕುತ್ತದೆ. ಕಂಪನಿಗಳಲ್ಲಿ ಕೋಡ್ ಪರಿಶೀಲನೆ ನಡೆಯುವುದೂ ಹೀಗೆಯೇ. ಸೇರುವ ಮುನ್ನ ಹಿಂದಿನ ಬ್ಯಾಚಿನ ಇಂಥ ಟಿಪ್ಪಣಿಗಳನ್ನು ತೋರಿಸಿ ಎಂದು ಕೇಳಿ. ತೋರಿಸಲು ಇಲ್ಲದಿದ್ದರೆ ನೀವು ಕೊಳ್ಳುತ್ತಿರುವುದು ಗಡಿಯಾರ ಕಟ್ಟಿದ ವಿಡಿಯೊ ಅಷ್ಟೇ.

ಈ ದಾರಿಯಲ್ಲಿ ಜಾರುವುದು ಸುಲಭ. ಒಂದು ದಿನ ತಪ್ಪಿದರೆ ತರಗತಿಯ ರೆಕಾರ್ಡಿಂಗ್ ಇದೆಯಲ್ಲ ಎಂಬ ಸಮಾಧಾನ, ಮೂರನೆಯ ವಾರಕ್ಕೆ ಹತ್ತು ಗಂಟೆಯ ಬಾಕಿ. ಮಕ್ಕಳಿರುವ ಮನೆಯಲ್ಲಿ ಆ ಎರಡು ಗಂಟೆಗೆ ಬಾಗಿಲು ಮುಚ್ಚಬಲ್ಲ ಕೋಣೆ ಬೇಕು, ಮನೆಯವರ ಒಪ್ಪಿಗೆ ಬೇಕು. ಅದನ್ನು ಮೊದಲೇ ಕೇಳಿ ಪಡೆಯಿರಿ.

ಸ್ವಂತವಾಗಿ ಕಲಿಯುವುದು

ಹಣವಿಲ್ಲ ಎಂಬ ಕಾರಣಕ್ಕೆ ಯಾರೂ ನಿಲ್ಲಬೇಕಾಗಿಲ್ಲ. ಹೆಲ್ಸಿಂಕಿ ವಿಶ್ವವಿದ್ಯಾಲಯದ ಜಾವಾ ಕೋರ್ಸ್ ಪೂರ್ತಿ ಉಚಿತ. ಅಭ್ಯಾಸಗಳನ್ನು ಯಂತ್ರವೇ ಪರೀಕ್ಷಿಸಿ ತಪ್ಪು ತೋರಿಸುತ್ತದೆ, ಆದ್ದರಿಂದ ಕೈ ಸುಮ್ಮನಿರುವುದಿಲ್ಲ. ಐಐಟಿಗಳ ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಖರಗ್‌ಪುರದ ಜಾವಾ ಪಾಠಗಳಿವೆ, ಶುಲ್ಕ ಪರೀಕ್ಷೆ ಬರೆಯುವವರಿಗೆ ಮಾತ್ರ. ಭಾಷೆ ಹಿಡಿತಕ್ಕೆ ಬಂದ ಮೇಲೆ ಸ್ಪ್ರಿಂಗ್‌ನ ಅಧಿಕೃತ ಮಾರ್ಗದರ್ಶಿಗಳು, ಆನಂತರ ಪೆಟ್‌ಕ್ಲಿನಿಕ್ ಎಂಬ ಅವರ ಮಾದರಿ ಅಪ್ಲಿಕೇಶನ್. ಪೆಟ್‌ಕ್ಲಿನಿಕ್ಕನ್ನು ಓಡಿಸಿ ಬಿಡಬೇಡಿ. ಅದಕ್ಕೆ ಲಾಗಿನ್ ಸೇರಿಸಿ, ಒಂದು ವರದಿ ಸೇರಿಸಿ, ಟೆಸ್ಟ್ ಬರೆಯಿರಿ. ಇನ್ನೊಬ್ಬರ ಕೋಡನ್ನು ಓದಿ ಬೆಳೆಸುವುದೇ ಕೆಲಸದ ಮೊದಲ ವರ್ಷ.

ಇಲ್ಲಿಲ್ಲದಿರುವುದು ಓದುವ ಕಣ್ಣು. ಇಬ್ಬರು ಗೆಳೆಯರು ಜೊತೆಯಾಗಿ ವಾರಕ್ಕೊಮ್ಮೆ ಒಬ್ಬರ ಕೋಡನ್ನು ಇನ್ನೊಬ್ಬರು ಓದಿದರೆ ಆ ಕೊರತೆ ಅರ್ಧ ತುಂಬುತ್ತದೆ. ಎಐ ಸಹಾಯಕರನ್ನು ಬಳಸಿ, ಆದರೆ ಕ್ರಮ ತಿರುಗಿಸಿ: ನೀವು ಬರೆಯಿರಿ, ಅದು ತಪ್ಪು ಹುಡುಕಲಿ. ಅದೇ ಬರೆದುಕೊಟ್ಟ ವಿದ್ಯಾರ್ಥಿ ಪಟ್ಟಿ ಅರ್ಧ ಗಂಟೆಯಲ್ಲಿ ಸಿದ್ಧವಾಗುತ್ತದೆ, ನಿಮಗೆ ಏನೂ ಬರದೆ. ಶುಲ್ಕ ಉಳಿದರೆ ಆ ಹಣವನ್ನು ಲ್ಯಾಪ್‌ಟಾಪಿಗೆ ಹಾಕಿ. ಐಡಿಇ (ಕೋಡ್ ಬರೆಯುವ ತಂತ್ರಾಂಶ), ಡೇಟಾಬೇಸ್, ಡಾಕರ್ (ಅಪ್ಲಿಕೇಶನ್ನುಗಳನ್ನು ಪ್ರತ್ಯೇಕವಾಗಿ ಓಡಿಸುವ ಸಾಧನ) ಒಟ್ಟಿಗೆ ಓಡುವಾಗ 8 ಜಿಬಿ ರ‍್ಯಾಮ್ ಏದುಸಿರು ಬಿಡುತ್ತದೆ, 16 ಇದ್ದರೆ ನಿರಾಳ.

ಇಂಟರ್ನ್‌ಶಿಪ್, ಮತ್ತು ಸಹಿ ಹಾಕುವ ಮುನ್ನ

ಸಣ್ಣ ಕಂಪನಿಯಾದರೂ ಸರಿ, ನಿಜವಾದ ಬಳಕೆದಾರರಿರುವ ಅಪ್ಲಿಕೇಶನ್ನಿನಲ್ಲಿ ಆರು ತಿಂಗಳು ಸಿಕ್ಕರೆ ಬೇರೆ ಯಾವುದನ್ನೂ ಯೋಚಿಸದೆ ಸೇರಿಕೊಳ್ಳಿ. ಅವರು ನಿಮಗೆ ಎಷ್ಟೇ ಕಡಿಮೆ ಕೊಟ್ಟರೂ ಅದು ಇಂಟರ್ನ್‌ಶಿಪ್. ನಿಮ್ಮಿಂದಲೇ ಹಣ ಕೇಳಿದರೆ ಅದು ಹೆಸರು ಬದಲಿಸಿದ ತರಬೇತಿ. ಮೇಲಿನ ಅಳತೆಗೋಲುಗಳಿಂದಲೇ ಅಳೆಯಿರಿ.

ಎರಡು ವರ್ಷದ ಅನುಭವ ಪತ್ರ ಮಾಡಿಕೊಡುತ್ತೇವೆ ಎನ್ನುವವರಿಂದ ದೂರವಿರಿ. ಭವಿಷ್ಯ ನಿಧಿಯ ಯುಎಎನ್ (ಉದ್ಯೋಗಿಯ ಖಾಯಂ ಖಾತೆ ಸಂಖ್ಯೆ) ದಾಖಲೆಯಲ್ಲಿ ಎಲ್ಲಿ, ಎಂದಿನಿಂದ ಎಂದಿನವರೆಗೆ ಕೆಲಸ ಮಾಡಿದ್ದೀರಿ ಎಂಬುದು ಕಾಣುತ್ತದೆ. ಹಿನ್ನೆಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದು, ಸಿಕ್ಕ ಕೆಲಸವನ್ನೂ ಕಳೆದುಕೊಂಡವರನ್ನು ನೋಡಿ ನೊಂದಿದ್ದೇನೆ. ಅಂಕಪಟ್ಟಿಯ ಮೂಲ ಪ್ರತಿಯನ್ನು ಯಾವ ಕೇಂದ್ರಕ್ಕೂ ಒತ್ತೆಯಾಗಿ ಕೊಡಬೇಡಿ. ಬಡ್ಡಿಯಿಲ್ಲದ ಕಂತು ಎಂದರೆ ಅನೇಕ ಸಲ ಹಣಕಾಸು ಕಂಪನಿಯೊಂದು ನಿಮ್ಮ ಹೆಸರಿನಲ್ಲಿ ಕೊಟ್ಟ ಸಾಲ. ಕೋರ್ಸು ಅರ್ಧಕ್ಕೆ ಬಿಟ್ಟರೂ ಕಂತು ನಿಲ್ಲುವುದಿಲ್ಲ. ಕೆಲಸ ಸಿಕ್ಕ ಮೇಲೆ ಕೊಡಿ ಎನ್ನುವ ಒಪ್ಪಂದದಲ್ಲಿ ಎಷ್ಟು ಸಂಬಳದ ಕೆಲಸ, ಎಷ್ಟು ತಿಂಗಳು, ಒಟ್ಟು ಎಷ್ಟು ಎಂಬ ಮೂರೂ ಬರಹದಲ್ಲಿರಬೇಕು.

ಮೂವರಿಗೆ

ಹಾಸನದವರೇ, ನೀವು ಮುಂದಿನ ಸಿ-ಕ್ಯಾಟ್ ಬರೆಯಿರಿ. ಫಲಿತಾಂಶ ಬರುವವರೆಗೆ ಮನೆಯಲ್ಲೇ ಜಾವಾ ಅಭ್ಯಾಸ ನಡೆಯಲಿ. ಆಯ್ಕೆಯಾಗದಿದ್ದರೂ ಆ ತಯಾರಿ ವ್ಯರ್ಥವಾಗುವುದಿಲ್ಲ. ಆಗ ಬೆಂಗಳೂರಿಗೆ ಬಂದು, ಚಿಕ್ಕ ಬ್ಯಾಚಿನ ಕೇಂದ್ರವನ್ನು ಕನಿಷ್ಠ ಮೂರು ಡೆಮೊ ನೋಡಿ ಆರಿಸಿ.

ಟೆಸ್ಟಿಂಗ್‌ನಲ್ಲಿರುವವರೇ, ಕೆಲಸ ಬಿಡಬೇಡಿ. ವಾರಾಂತ್ಯದ ನೇರ ಬ್ಯಾಚ್ ನಿಮಗೆ ಸರಿ. ತಪ್ಪು ಎಲ್ಲಿ ಅಡಗುತ್ತದೆ ಎಂಬುದು ಎಂಟು ವರ್ಷದಿಂದ ನಿಮಗೆ ಗೊತ್ತು. ಜೆಯುನಿಟ್ ಮತ್ತು ಏಪಿಐ ಟೆಸ್ಟ್‌ಗಳಿಂದ ಆರಂಭಿಸಿ, ಈಗಿರುವ ಕಂಪನಿಯಲ್ಲೇ ಕೋಡ್ ಬರೆಯುವ ತಂಡಕ್ಕೆ ದಾಟಲು ಕೇಳಿ. ಹೊರಗೆ ಫ್ರೆಶರ್ ಆಗಿ ನಿಲ್ಲುವುದಕ್ಕಿಂತ ಅದು ಹತ್ತಿರದ ಹಾದಿ.

ದಾವಣಗೆರೆಯ ತಂಗಿ, ನಿಮ್ಮ ಪತ್ರದಲ್ಲಿ ಅಪ್ಪನ ಹತ್ತಿರ ಒಂದೇ ಸಲ ಹಣ ಕೇಳಬಲ್ಲೆ ಎಂದು ಬರೆದಿದ್ದಿರಿ. ಆ ಒಂದು ಸಲವನ್ನು ಈಗಲೇ ಖರ್ಚು ಮಾಡಬೇಡಿ. ಎರಡು ತಿಂಗಳು ಮನೆಯಲ್ಲೇ, ದಿನಕ್ಕೆ ಮೂರು ಗಂಟೆಯಂತೆ ಉಚಿತ ಕೋರ್ಸ್ ಮಾಡಿ. ಮೂರನೆಯ ತಿಂಗಳು ಆಸನ ಕಾಯ್ದಿರಿಸುವ ಚಿಕ್ಕ ಅಪ್ಲಿಕೇಶನ್ ಕಟ್ಟಿ, ಎರಡು ಥ್ರೆಡ್‌ಗಳು (ಪ್ರೋಗ್ರಾಮಿನ ಎರಡು ಎಳೆಗಳು) ಏಕಕಾಲಕ್ಕೆ 14ನೇ ಆಸನ ಕೇಳುವ ಒಂದು ಟೆಸ್ಟ್ ಬರೆಯಿರಿ. ಮೊದಲು ಇಬ್ಬರಿಗೂ ಟಿಕೆಟ್ ಸಿಗಬಹುದು. ಯಾಕೆ ಹಾಗಾಯಿತು ಎಂದು ಹುಡುಕುವುದರಲ್ಲಿ ಒಂದು ವಾರ ಹೋದರೂ ಪರವಾಗಿಲ್ಲ. ಆಮೇಲೆ ಸಣ್ಣ ಆನ್‌ಲೈನ್ ಬ್ಯಾಚಿಗೋ ಬೆಂಗಳೂರಿಗೋ ಎಂಬುದನ್ನು ನೋಡೋಣ. ಒಬ್ಬರಿಗೆ ಮಾತ್ರ ಟಿಕೆಟ್ ಸಿಕ್ಕ ದಿನ ಆ ಕೋಡನ್ನು ನನಗೆ ಕಳುಹಿಸಿ, ನಾನು ಓದುತ್ತೇನೆ.